ವೃದ್ಧಾಶ್ರಮದ ತಪಾಸಣೆ ವರದಿ ನಮಗೆ ಸಿಗುತ್ತಾ?

ಓದುಗರ ಪ್ರಶ್ನೆ: ಅಮ್ಮ ಶಿರಸಿ ಕಡೆಯ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಅದಕ್ಕೆ ಸರ್ಕಾರದ ಅನುದಾನವೂ ಬರುತ್ತದಂತೆ. ಅಲ್ಲಿ ಆರೈಕೆ ಹೇಗಿದೆ ಎಂದು ನೋಡುವವರು ಯಾರು? ನಾವು ಕೇಳಿದರೆ ಅಮ್ಮನಿಗೇ ತೊಂದರೆ ಆದರೆ?

ಉತ್ತರ: ಕೇಳಿ. ಅಮ್ಮನ ಹೆಸರು ಎಲ್ಲೂ ಬರದ ಹಾಗೆ ಕೇಳುವ ದಾರಿಯಿದೆ.

ಅನುದಾನ ಪಡೆಯುವ ಆಶ್ರಮಗಳ ಮೇಲೆ ಕಣ್ಣಿಡುವ ಕೆಲಸ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯದು. ಅದರ ಜಿಲ್ಲಾ ಕಚೇರಿ ಕಾರವಾರದಲ್ಲಿದೆ. ಅಲ್ಲಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕಾಗಿಲ್ಲ, ಪೋಸ್ಟ್‌ನಲ್ಲಿ ಕಳಿಸಿದರೂ ನಡೆಯುತ್ತದೆ. ಯಾಕೆ ಬೇಕು ಎಂದು ಕಾರಣ ಬರೆಯಬೇಕಿಲ್ಲ. ಅರ್ಜಿಯನ್ನು ನೀವೇ ಹಾಕಬೇಕೆಂದೂ ಇಲ್ಲ. ಅಕ್ಕಪಕ್ಕದವರು, ಊರಿನ ಯಾರೇ ಆದರೂ ಹಾಕಬಹುದು. ಇಷ್ಟು ಗೊತ್ತಿದ್ದರೆ ನಿಮ್ಮ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ, ಅಲ್ವಾ?

ಏನು ಕೇಳುತ್ತೀರಿ ಎನ್ನುವುದು ಮುಖ್ಯ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲಿರಬೇಕು, ಸುಮಾರು 150 ಪದ ದಾಟಬಾರದು. ಹಾಗಾಗಿ ‘ಆಶ್ರಮ ಚೆನ್ನಾಗಿದೆಯೇ’ ಎಂದು ಸುಮ್ನೆ ಬರೆಯಬೇಡಿ. ಕಳೆದ ಎರಡು ವರ್ಷದಲ್ಲಿ ಯಾವ ಯಾವ ದಿನ ತಪಾಸಣೆ ನಡೆಯಿತು, ಏನು ಕೊರತೆ ಬರೆದುಕೊಂಡರು, ಅದನ್ನು ಸರಿಪಡಿಸಿದ್ದಕ್ಕೆ ದಾಖಲೆ ಏನಿದೆ, ಇವುಗಳ ಪ್ರತಿ ಕೇಳಿ. ಮೂರನೆಯದನ್ನು ಮಾತ್ರ ಬಿಡಲೇಬೇಡಿ. ಕೊರತೆ ಬರೆದಿಟ್ಟು ಫೈಲ್ ಮುಚ್ಚಿದರೆ ಒಳಗಿರುವವರಿಗೆ ಏನು ಬಂತು?

ಮಂಚ, ಶೌಚಾಲಯ, ಬಿಲ್ಲು ಎಣಿಸುವುದು ಸುಲಭ. ಆರೈಕೆಯನ್ನು ಹಾಗೆ ಎಣಿಸಲಾಗದು. ನನ್ನ ಮಟ್ಟಿಗೆ ಕೆಲವು ಸಣ್ಣ ಸಂಗತಿಗಳೇ ಜಾಸ್ತಿ ಹೇಳುತ್ತವೆ. ಹಾಸಿಗೆ ಹಿಡಿದವರಿಗೆ ಬೆನ್ನು, ಸೊಂಟದಲ್ಲಿ ಹುಣ್ಣಾಗಿದೆಯಾ? ಪ್ರತಿ ತಿಂಗಳು ತೂಕ ನೋಡಿ ಬರೆಯುತ್ತಾರಾ? ತೂಕ ಇಳಿಯುತ್ತಾ ಹೋದರೆ ಊಟವನ್ನೋ ಕಾಯಿಲೆಯನ್ನೋ ಯಾರೂ ಗಮನಿಸುತ್ತಿಲ್ಲ ಎಂದೇ ಅನುಮಾನ ಪಡಬೇಕು. ಬಿದ್ದವರನ್ನು ಎಷ್ಟು ಹೊತ್ತಿಗೆ ಆಸ್ಪತ್ರೆಗೆ ಸಾಗಿಸಿದರು? ರಾತ್ರಿ ಎಷ್ಟು ಜನ ಎಚ್ಚರವಿರುತ್ತಾರೆ? ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಘಟ್ಟದೂರಿನಲ್ಲಿ ಈ ಕೊನೆಯ ಪ್ರಶ್ನೆ ಬಹಳ ದೊಡ್ಡದು.

ಇವುಗಳಲ್ಲಿ ಹೆಚ್ಚಿನವು ಇಲಾಖೆಯ ವರದಿಯಲ್ಲಿ ಇಲ್ಲದೇ ಇರಬಹುದು. ಆಗ ನೀವೇ ನೋಡಬೇಕು. ಪ್ರತಿ ಸಲ ಭಾನುವಾರ ಬೆಳಿಗ್ಗೆಯೇ ಹೋಗಬೇಡಿ. ವಾರದ ನಡುವೆ, ಸಂಜೆ ಊಟದ ಹೊತ್ತಿಗೆ ಹೋಗಿ. ನೀರಿನ ಲೋಟ ಅಮ್ಮನ ಕೈಗೆ ಎಟುಕುತ್ತದೆಯೇ, ಉಗುರು ಕತ್ತರಿಸಿದ್ದಾರೆಯೇ, ಮಾತ್ರೆಯ ಲೆಕ್ಕ ಸರಿಯಿದೆಯೇ ನೋಡಿ. ಮಕ್ಕಳು ಬೆಂಗಳೂರು, ಮುಂಬಯಿಯಲ್ಲಿದ್ದರೆ ಊರಲ್ಲಿರುವ ನೆಂಟರೊಬ್ಬರಿಗೆ ಈ ಕೆಲಸ ವಹಿಸಿ. ಪಕ್ಕದ ಮಂಚದ ಅಜ್ಜಿಯನ್ನೂ ಮಾತನಾಡಿಸಿ. ನೋಡಲು ಯಾರೂ ಬಾರದವರ ಸ್ಥಿತಿಯೇ ಆ ಆಶ್ರಮದ ನಿಜವಾದ ಅಳತೆ.

ಅರ್ಜಿಗೆ 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಬೇರೆ ನಿವಾಸಿಗಳ ಹೆಸರು, ಕಾಯಿಲೆಯ ವಿವರ ಕೊಡಲಿಕ್ಕಿಲ್ಲ, ಅದು ಸರಿಯೂ ಹೌದು. ಆದರೆ ಹೊಡೆತ, ಹಸಿವು, ಔಷಧಿ ಕೊಡದಿರುವುದು ಇಂಥವು ಕಂಡರೆ ಅರ್ಜಿ, ಉತ್ತರ ಎಂದು ಕಾಯಬೇಡಿ. ಹಿರಿಯರ ಸಹಾಯವಾಣಿ 14567ಕ್ಕೆ ಅಂದೇ ಕರೆ ಮಾಡಿ. ಜಿಲ್ಲಾಧಿಕಾರಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ.