ಗಾಳಿ ಪಿಸುಗುಟ್ಟಬಾರದೇ?

ಓದುಗರ ಪ್ರಶ್ನೆ: ಪತ್ರವೊಂದನ್ನು ಬಚ್ಚಿಟ್ಟುಕೊಂಡ ಹುಡುಗಿಯ ಕತೆ ಬರೆಯುತ್ತಿದ್ದೇನೆ. ‘ಗಾಳಿ ಪಿಸುಗುಟ್ಟಿತು, ಎಲೆಗಳು ನಲಿದವು’ ಎಂದು ಬರೆದಿದ್ದೆ. ಓದಿದವರು ಸವಕಲು ಅಂದರು. ಜೀವವಿಲ್ಲದ್ದಕ್ಕೆ ಮನುಷ್ಯರ ಗುಣ ಕೊಡುವುದೇ ತಪ್ಪಾ?

ತಪ್ಪೇನಿಲ್ಲ. ಬಿಡೋಣ ಅಂದರೂ ಬಿಡಲು ಆಗುವುದಿಲ್ಲ. ದಿನಾ ಆಡುವ ಮಾತನ್ನೇ ನೋಡಿ. ಮಳೆ ಕೈಕೊಟ್ಟಿತು. ಸಾಲ ಬೆನ್ನು ಬಿಡಲಿಲ್ಲ. ಕಲಿತ ವಿದ್ಯೆ ಕೈಹಿಡಿಯಿತು. ಮಳೆಗೆಲ್ಲಿದೆ ಕೈ? ಕೇಳುವವರಿಗೆ ಆ ಕೈ ಕಾಣುವುದೇ ಇಲ್ಲ. ಬಳಸಿ ಬಳಸಿ ಸವೆದುಹೋಗಿದೆ. ನಿಮ್ಮ ಗಾಳಿಗೂ ಆಗಿರುವುದು ಇದೇ. ಮೊದಲು ಬರೆದವರಿಗೆ ಆ ಪಿಸುಮಾತು ಕೇಳಿಸಿರಬೇಕು. ನಿಮಗೆ ಕೇಳಿಸಿತಾ? ಇಲ್ಲ, ಕತೆಯಲ್ಲಿ ಗಾಳಿ ಬಂದರೆ ಪಿಸುಗುಟ್ಟಲೇಬೇಕು ಅಂತ ಸುಮ್ನೆ ಬರೆದಿರಾ?

ಜೀವವಿಲ್ಲದ್ದಕ್ಕೆ ಮನುಷ್ಯರ ಗುಣ ಕೊಡುವುದನ್ನು ಮಾನವೀಕರಣ ಅನ್ನುತ್ತಾರೆ, ವ್ಯಕ್ತೀಕರಣ ಅಂತಲೂ ಕರೆಯುತ್ತಾರೆ. ಹೆಸರು ಏನಾದರೂ ಇರಲಿ, ಉಪಾಯ ಹಳೆಯದು. ಕಾವ್ಯ ಹೇಗಿರಬೇಕು ಅಂತ ದಂಡಿ ಸಂಸ್ಕೃತದಲ್ಲಿ ಬರೆದ ಕಾವ್ಯಾದರ್ಶದಲ್ಲಿ ಒಂದು ಚಿಕ್ಕ ಉದಾಹರಣೆ ಇದೆ: ನೈದಿಲೆಗಳು ಕಣ್ಣು ಮುಚ್ಚುತ್ತವೆ, ತಾವರೆಗಳು ಕಣ್ಣು ತೆರೆಯುತ್ತವೆ. ಕಣ್ಣಿನ ಕೆಲಸವನ್ನು ಹೂವಿನ ಮೇಲೆ ಹೊರಿಸಿದ್ದು, ಅಷ್ಟೇ. ಹುಬ್ಬಿಲ್ಲ, ನಾಚಿಕೆಯಿಲ್ಲ, ನಗುವಿಲ್ಲ. ಎಸಳು ಬಿಚ್ಚಿ ಮುಚ್ಚುವುದನ್ನು ನೋಡಿದವರಿಗೆ ಮಾತ್ರ ಹೊಳೆಯುವ ಕ್ರಿಯಾಪದ ಅದು.

ನಾನು ಮಾಡುವುದೂ ಇದನ್ನೇ. ಮೊದಲು ವಸ್ತು ಏನು ಮಾಡುತ್ತಿದೆ ಅಂತ ನೋಡುವುದು, ಆಮೇಲೆ ಪದ ಹುಡುಕುವುದು. ಸೋರುವ ನಲ್ಲಿಯನ್ನೇ ತೆಗೆದುಕೊಳ್ಳಿ. ‘ನಲ್ಲಿ ಅಳುತ್ತಿತ್ತು’ ಅಂದರೆ ನೀರು ಕಂಡಿತು, ಕಣ್ಣೀರು ನೆನಪಾಯಿತು, ಮುಗಿಯಿತು. ಅದರ ಮುಂದೆ ಎರಡು ನಿಮಿಷ ನಿಲ್ಲಿ. ಹನಿ ತುದಿಗೆ ಬರುತ್ತದೆ. ದಪ್ಪಗಾಗುತ್ತದೆ. ಜೋತಾಡುತ್ತದೆ. ಇನ್ನು ಬೀಳುವುದಿಲ್ಲ ಅಂದುಕೊಳ್ಳುವಾಗ ಟಪ್ ಅಂತ ಬೀಳುತ್ತದೆ. ಇದು ಅಳುವವರ ಲಕ್ಷಣ ಅಲ್ಲವೇ ಅಲ್ಲ, ಜಿಪುಣರದ್ದು. ‘ನಲ್ಲಿ ಒಂದೊಂದೇ ಹನಿಯನ್ನು ಎಣಿಸಿ, ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟುಕೊಡುತ್ತಿತ್ತು.’ ಈಗ ನಲ್ಲಿಗೊಂದು ಸ್ವಭಾವ ಬಂತು, ಅಲ್ವಾ?

ಹಳೇ ಫ್ರಿಜ್ಜಿನ ಮೋಟಾರು ನಿಲ್ಲುವಾಗ ಇಡೀ ಪೆಟ್ಟಿಗೆ ಒಮ್ಮೆ ನಡುಗುತ್ತದೆ. ‘ಫ್ರಿಜ್ ಮೈ ಕೊಡವಿ ಸುಮ್ಮನಾಯಿತು’ ಅಂದರೆ ಸಾಕು. ‘ಮುದುಕನಂತೆ’ ಅಂತ ಸೇರಿಸಿದರೆ ಅದು ಉಪಮೆಯಾಗುತ್ತದೆ, ಓದುಗರು ಊಹಿಸಬೇಕಾದ್ದನ್ನೂ ನಾವೇ ಹೇಳಿಬಿಟ್ಟಂತಾಗುತ್ತದೆ.

ಇನ್ನೊಂದು ವಿಷಯ, ನನಗೆ ಇದು ಹೆಚ್ಚು ಮುಖ್ಯ: ಯಾರ ಕಣ್ಣಿಗೆ ಹಾಗೆ ಕಾಣುತ್ತಿದೆ? ಮೇಘದೂತದ ಶುರುವಿನಲ್ಲೇ ಕಾಳಿದಾಸ ತನ್ನ ಮೇಲೆ ತಾನೇ ತಕರಾರು ತೆಗೆಯುತ್ತಾನೆ. ಹೊಗೆ, ಬೆಳಕು, ನೀರು, ಗಾಳಿ ಸೇರಿ ಆದ ಮೋಡ ಎಲ್ಲಿ, ಸಂದೇಶ ಒಯ್ಯುವ ಕೆಲಸ ಎಲ್ಲಿ? ಉತ್ತರವನ್ನೂ ಅವನೇ ಕೊಡುತ್ತಾನೆ: ವಿರಹದಲ್ಲಿ ಬೆಂದವರಿಗೆ ಜೀವ ಇರುವುದು, ಇಲ್ಲದ್ದು ಎಂಬ ಭೇದ ತಿಳಿಯುವುದಿಲ್ಲ. ಮೋಡ ದೂತನಾದದ್ದು, ಹೆಂಡತಿಯಿಂದ ದೂರವಾಗಿ ಆ ಮೋಡದ ಕೈಲಿ ಸಂದೇಶ ಕಳಿಸುವ ಯಕ್ಷನ ಸಂಕಟದಿಂದ. 1856ರಲ್ಲಿ ಇಂಗ್ಲಿಷ್ ವಿಮರ್ಶಕ ಜಾನ್ ರಸ್ಕಿನ್ ಕೂಡ ಇದೇ ಜಾಗ ಮುಟ್ಟಿದ. ಸಮುದ್ರದ ನೊರೆಯನ್ನು ಕ್ರೂರಿ ಅನ್ನುವುದು ಸುಳ್ಳು, ಆದರೆ ದುಃಖ ನಿಜವಾಗಿದ್ದರೆ ಆ ಸುಳ್ಳನ್ನು ಮನ್ನಿಸಬಹುದು ಅಂದ. ತಣ್ಣಗೆ ಕೂತು ಅಂಟಿಸಿದ್ದನ್ನು ಮಾತ್ರ ಅವನು ಮನ್ನಿಸಲಿಲ್ಲ. ಪರೀಕ್ಷೆಗೆ ಓದದೆ ಕೂತವನನ್ನು ಗಡಿಯಾರ ಅಟ್ಟಿಸಿಕೊಂಡು ಬರುತ್ತದೆ. ಆಸ್ಪತ್ರೆಯ ಬೆಂಚಿನ ಮೇಲೆ ಕಾಯುವವಳ ಎದುರು ಅದೇ ಗಡಿಯಾರ ಕಾಲೆಳೆಯುತ್ತ ಹೋಗುತ್ತದೆ.

ಕನ್ನಡದಲ್ಲಿ ಕ್ರಿಯಾಪದದ ಬಾಲವನ್ನೂ ಗಮನಿಸಬೇಕು. ‘ಮಳೆ ಬಂತು’ ಅನ್ನುವುದು ಸುದ್ದಿ. ‘ಮಳೆರಾಯ ಬಂದ’ ಅಂದ ಕೂಡಲೇ ಒಬ್ಬ ಅತಿಥಿ ಬಾಗಿಲಲ್ಲಿ ನಿಂತ. ಸೂರ್ಯ ಹುಟ್ಟಿದ, ಚಂದ್ರ ಮೂಡಿದ ಅನ್ನುವುದು ರೂಢಿ, ಅದನ್ನು ಯಾರೂ ಅಲಂಕಾರ ಅನ್ನುವುದಿಲ್ಲ. ಆದರೆ ‘ಫ್ರಿಜ್ ಮೈ ಕೊಡವಿದ’ ಅಂದರೆ ನೇರ ಮಕ್ಕಳ ಕತೆಗೆ ಹೋಗುತ್ತೀರಿ. ಬೇಕೆಂದೇ ಹೋಗುವುದಾದರೆ ಹೋಗಿ.

ಜಾಸ್ತಿ ಆದರೂ ಕಷ್ಟ. ನಾನೊಮ್ಮೆ ಬರೆದ ಕತೆಯಲ್ಲಿ ಬಾಗಿಲು ಗೊಣಗುತ್ತಿತ್ತು, ಕಿಟಕಿ ಇಣುಕುತ್ತಿತ್ತು, ಕುರ್ಚಿ ನಿಟ್ಟುಸಿರು ಬಿಡುತ್ತಿತ್ತು. ಓದಿದ ಗೆಳೆಯ ಕೇಳಿದ, ‘ಈ ಮನೇಲಿ ಮನುಷ್ಯರಿಗೆ ಏನು ಕೆಲಸ?’ ಉತ್ತರ ಇರಲಿಲ್ಲ. ಕಿಟಕಿಯನ್ನು ಮಾತ್ರ ಉಳಿಸಿಕೊಂಡೆ.

ಕೆಲವು ಕಡೆ ಬಳಸಲೇಬಾರದು. ‘ಯಮಸ್ವರೂಪಿ ಲಾರಿ’ ಅಂತ ಬರೆದರೆ ಲಾರಿ ಓಡಿಸಿದವನು ಮರೆಯಾಗುತ್ತಾನೆ. ‘ಕಡತ ಮಲಗಿದೆ’ ಅಂದರೆ ಅದನ್ನು ಮಲಗಿಸಿದವರು ಬಚಾವ್. ಸುದ್ದಿಯಲ್ಲಿ, ವರದಿಯಲ್ಲಿ ಯಾರು ಏನು ಮಾಡಿದರು ಅಂತ ನೆಟ್ಟಗೆ ಹೇಳಬೇಕು.

ಇನ್ನು ನಿಮ್ಮ ಗಾಳಿ. ಎಲೆಗಳ ನಲಿವನ್ನು ಹೊಡೆದುಹಾಕಿ, ಹುಡುಗಿಗೆ ಅದು ಕಣ್ಣಿಗೆ ಬೀಳುವ ಹೊತ್ತಲ್ಲ. ಅವಳಿಗೆ ಈಗ ಇರುವುದು ಪತ್ರ ಸಿಕ್ಕಿಬಿದ್ದರೆ ಅನ್ನುವ ಭಯ ಒಂದೇ. ಹಾಗಾಗಿ ಗಾಳಿ ಪಿಸುಗುಟ್ಟುವುದು ಬೇಡ. ಕಿಟಕಿಯಿಂದ ಒಳಗೆ ಬರಲಿ, ಮೇಜಿನ ಮೇಲಿನ ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಲಿ.