ಹಾಡು ಯಾರದು, ರೆಕಾರ್ಡ್ ಯಾರದು? ಟೇಲರ್ ಸ್ವಿಫ್ಟ್ ಬಗ್ಗೆ ಒಂದು ಟಿಪ್ಪಣಿ

ಕೃತಿಸ್ವಾಮ್ಯದ (ಕಾಪಿರೈಟ್) ಪಾಠದಲ್ಲಿ ನಾವೆಲ್ಲ ತಡವರಿಸುವುದು ಒಂದೇ ಕಡೆ. ಒಂದೇ ಹಾಡಿಗೆ ಎರಡು ಬೇರೆ ಬೇರೆ ಹಕ್ಕು ಹೇಗೆ? ನನಗೆ ಇದು ಸರಿಯಾಗಿ ತಲೆಗೆ ಹತ್ತಿದ್ದು ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್‌ಳ ಕಥೆ ಓದಿದ ಮೇಲೆ.

ಆದರೆ ಮೊದಲು ನಮ್ಮೂರಿಗೆ ಬರೋಣ. ಪೆರ್ಲದ ದೊಡ್ಡಪ್ಪನ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ತುಂಬ ಯಕ್ಷಗಾನದ ಕ್ಯಾಸೆಟ್‌ಗಳಿವೆ. ಅದರಲ್ಲಿ ಪಂಚವಟಿ ಪ್ರಸಂಗವೇ ಎರಡು. ಎರಡರಲ್ಲೂ ನಮ್ಮ ಕುಂಬಳೆಯ ಹಳೆಗಾಲದ ಕವಿ ಪಾರ್ತಿಸುಬ್ಬನ ಪದಗಳೇ, ಅಂದರೆ ಹಾಡುಗಳೇ. ಆದರೆ ಭಾಗವತರು ಬೇರೆ, ಕಂಪೆನಿ ಬೇರೆ. ಎರಡರ ರಟ್ಟಿನ ಮೂಲೆಯಲ್ಲೂ ಸಣ್ಣ ಅಕ್ಷರದಲ್ಲಿ ‘ಹಕ್ಕು ಕಾದಿರಿಸಿದೆ’ ಅಂತಿದೆ. ಯಾವುದರ ಹಕ್ಕು? ಪದದ್ದಲ್ಲ. ಅಷ್ಟು ಹಳೆಯ ಪದ ಈಗ ಎಲ್ಲರದ್ದು. ಕಂಪೆನಿಗೆ ಸೇರಿದ್ದು ಆ ದಿನ, ಆ ಭಾಗವತರ ದನಿಯಲ್ಲಿ, ಆ ಚೆಂಡೆ ಮದ್ದಳೆಯ ಜೊತೆ ಹಿಡಿದಿಟ್ಟ ಸದ್ದು ಮಾತ್ರ. ಅದೇ ಪದವನ್ನು ನಾಳೆ ಇನ್ನೊಬ್ಬರು ಹಾಡಿ ರೆಕಾರ್ಡ್ ಮಾಡಿದರೆ ತಡೆಯುವ ಹಾಗಿಲ್ಲ.

ಇದು ಗಟ್ಟಿಯಾಯಿತಲ್ವಾ? ಸಾಹಿತ್ಯ ಮತ್ತು ರಾಗ ಒಂದು ಸೊತ್ತು. ರೆಕಾರ್ಡ್ ಆದ ಸದ್ದು ಇನ್ನೊಂದು ಸೊತ್ತು. ಈ ಎರಡನೆಯದರ ಮೂಲಪ್ರತಿಗೆ ಸಂಗೀತದ ವ್ಯವಹಾರದಲ್ಲಿ ‘ಮಾಸ್ಟರ್’ ಅನ್ನುತ್ತಾರೆ.

ಈಗ ಟೇಲರ್. ಹುಟ್ಟಿದ್ದು 1989ರ ಡಿಸೆಂಬರ್ 13ರಂದು, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಮಗಳ ಹಾಡಿಗಾಗಿ ಮನೆಯವರೆಲ್ಲ ಸಂಗೀತ ಕಂಪೆನಿಗಳ ಊರಾದ ನ್ಯಾಶ್‌ವಿಲ್‌ನ ಹತ್ತಿರಕ್ಕೆ ಬಂದು ನೆಲೆಸಿದರು. ಆಗ ಅವಳಿಗೆ 14. ಅದೇ ವಯಸ್ಸಿನಲ್ಲಿ ಆಕೆ ಸೋನಿ ಎಟಿವಿ ಕಂಪೆನಿಯ ಜೊತೆ ಹಾಡು ಬರೆಯುವ ಒಪ್ಪಂದ ಮಾಡಿಕೊಂಡಳು. ಗಾಯಕಿ ಎಂದು ಹೆಸರಾಗುವ ಮೊದಲೇ ಆಕೆ ಬರಹಗಾರ್ತಿ. ಇದನ್ನು ಅಡಿಗೆರೆ ಹಾಕಿ ಇಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ನಿಂತಿರುವುದು ಇದರ ಮೇಲೆ.

ಮೊದಲ ಆಲ್ಬಮ್ 2006ರಲ್ಲಿ ಬಿಗ್ ಮೆಷಿನ್ ಎಂಬ ಕಂಪೆನಿಯಿಂದ ಬಂತು. 2017ರ ವರೆಗೆ ಅಲ್ಲಿಂದಲೇ ಆರು ಆಲ್ಬಮ್. ಹಳ್ಳಿ ಸೊಗಡಿನ ಕಂಟ್ರಿ ಸಂಗೀತದಲ್ಲಿ ಶುರು ಮಾಡಿದವಳು 2014ರ ‘1989’ ಎಂಬ ಆಲ್ಬಮ್ ಹೊತ್ತಿಗೆ ಪೂರ್ತಿ ಪಾಪ್‌ಗೆ ಬಂದಿದ್ದಳು. ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ನಾಲ್ಕು ಸಲ ಸಿಕ್ಕಿದೆ. ಪ್ರಶಸ್ತಿಗಳ ಪಟ್ಟಿ ಇಲ್ಲಿಗೆ ಸಾಕು.

2018ರಲ್ಲಿ ಆಕೆ ಕಂಪೆನಿ ಬದಲಿಸಿದಳು. ಹೊಸ ಒಪ್ಪಂದದಲ್ಲಿ ಮಾಸ್ಟರ್ ತನ್ನದೇ ಎಂದು ಬರೆಸಿಕೊಂಡಳು. ಆದರೆ ಹಳೆಯ ಆರು ಆಲ್ಬಮ್‌ಗಳ ಮಾಸ್ಟರ್ ಬಿಗ್ ಮೆಷಿನ್ ಕೈಯಲ್ಲೇ ಉಳಿಯಿತು. 2019ರ ಜೂನ್‌ನಲ್ಲಿ ಆ ಕಂಪೆನಿಯನ್ನೇ ಸ್ಕೂಟರ್ ಬ್ರಾನ್ ಎಂಬವರ ಸಂಸ್ಥೆ ಕೊಂಡುಕೊಂಡಿತು. ಹದಿಹರೆಯದಿಂದ ಹಾಡಿದ್ದೆಲ್ಲ ಅವಳು ಒಪ್ಪದವರ ಕೈಗೆ ಹೋಯಿತು. ಮುಂದಿನ ವರ್ಷ ಅವರು ಆ ಆರು ಮಾಸ್ಟರ್‌ಗಳನ್ನು ಶ್ಯಾಮ್‌ರಾಕ್ ಎಂಬ ಹೂಡಿಕೆ ಸಂಸ್ಥೆಗೆ ಮಾರಿದರು.

ಬರೀ ಗಾಯಕಿ ಆಗಿದ್ದರೆ ಇಲ್ಲಿ ಆಕೆಯ ಕೈ ಕಟ್ಟಿಹೋಗುತ್ತಿತ್ತು. ಆದರೆ ಆ ಹಾಡುಗಳನ್ನು ಬರೆದವಳೂ ಅವಳೇ. 2010ರ ‘ಸ್ಪೀಕ್ ನೌ’ ಆಲ್ಬಮ್‌ನ ಹಾಡುಗಳನ್ನಂತೂ ಒಬ್ಬಳೇ ಬರೆದಿದ್ದಳು. ರೆಕಾರ್ಡ್ ಹೋದರೂ ಹಾಡು ಉಳಿದಿತ್ತು. ಇಂತಿಷ್ಟು ವರ್ಷ ಅದೇ ಹಾಡನ್ನು ಮತ್ತೆ ರೆಕಾರ್ಡ್ ಮಾಡಬಾರದು ಎಂಬ ಷರತ್ತು ಒಪ್ಪಂದದಲ್ಲಿ ಇರುತ್ತದೆ. ಮೊದಲ ಐದು ಆಲ್ಬಮ್‌ಗಳಿಗೆ ಆ ಅವಧಿ 2020ರ ನವೆಂಬರ್‌ಗೆ ಮುಗಿಯಿತು. ಆಕೆ ಮತ್ತೆ ಮೊದಲಿನಿಂದ ಹಾಡಿದಳು. ‘ಫಿಯರ್‌ಲೆಸ್’ ಮತ್ತು ‘ರೆಡ್’ 2021ರಲ್ಲಿ, ‘ಸ್ಪೀಕ್ ನೌ’ ಮತ್ತು ‘1989’ 2023ರಲ್ಲಿ. ಪ್ರತಿಯೊಂದರ ಹೆಸರಿನ ಕೊನೆಗೆ ‘ಟೇಲರ್ಸ್ ವರ್ಷನ್’, ಅಂದರೆ ಟೇಲರ್‌ಳ ಆವೃತ್ತಿ. ನಮ್ಮ ಎರಡು ಕ್ಯಾಸೆಟ್ ನೆನಪಾಗಲಿಲ್ವಾ? ಇಲ್ಲಿ ಎರಡರ ಭಾಗವತರೂ ಒಬ್ಬರೇ, ಅಷ್ಟೇ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಸಿನಿಮಾಕ್ಕೋ ಜಾಹೀರಾತಿಗೋ ಒಂದು ರೆಕಾರ್ಡ್ ಬಳಸಬೇಕಾದರೆ ಎರಡೂ ಹಕ್ಕಿನವರ ಒಪ್ಪಿಗೆ ಬೇಕು. ಹಳೆಯ ರೆಕಾರ್ಡ್ ಕೇಳಿಕೊಂಡು ಬಂದವರಿಗೆ ಬರಹಗಾರ್ತಿಯಾಗಿ ಆಕೆ ‘ಆಗೋದಿಲ್ಲ’ ಅನ್ನಬಹುದಿತ್ತು. ಹೊಸದಕ್ಕೆ ಎರಡೂ ಒಪ್ಪಿಗೆ ಅವಳ ಕೈಯಲ್ಲೇ.

‘ಲವ್ ಸ್ಟೋರಿ’ ಹಾಡನ್ನು ಇಯರ್‌ಫೋನ್ ಹಾಕಿ ಎರಡೂ ಕೇಳಿ ನೋಡಿ. ವಾದ್ಯಗಳು ಹೆಚ್ಚುಕಡಿಮೆ ಅದೇ. ದನಿ ಬೇರೆ. 2008ರದ್ದು ಹುಡುಗಿಯ ದನಿ, ತುಸು ತೆಳು, ಮೂಗಿನಲ್ಲಿ ಸಣ್ಣಗೆ ಎಳೆಯುತ್ತದೆ. 2021ರದ್ದು ತುಂಬಿಕೊಂಡಿದೆ, ಸಾಲಿನ ಕೊನೆವರೆಗೂ ಉಸಿರು ನಿಲ್ಲುತ್ತದೆ. ನನಗೆ ಹೊಸದೇ ಇಷ್ಟ. ‘ರೆಡ್’ನ ಹೊಸ ಆವೃತ್ತಿಯಲ್ಲಿ ‘ಆಲ್ ಟೂ ವೆಲ್’ ಹತ್ತು ನಿಮಿಷಕ್ಕೆ ಬೆಳೆದಿದೆ. ಅಷ್ಟುದ್ದದ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು.

2025ರ ಮೇ ತಿಂಗಳಲ್ಲಿ ಆಕೆ ಶ್ಯಾಮ್‌ರಾಕ್‌ನಿಂದ ಆರೂ ಮಾಸ್ಟರ್‌ಗಳನ್ನು ಕೊಂಡುಕೊಂಡಳು. ಈಗ ಎರಡೂ ಸೊತ್ತು ಒಂದೇ ಕೈಯಲ್ಲಿವೆ.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲೂ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಮೂರೂ ಬೇರೆ ಬೇರೆ ಕೃತಿಗಳು. ಧ್ವನಿಮುದ್ರಣಕ್ಕೆ ನಿರ್ಮಾಪಕರೇ ಕರ್ತೃ. ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹಾಗಾದರೆ ಈಗ ಬದುಕಿರುವ ಕವಿಯೊಬ್ಬರು ಹೊಸ ಪ್ರಸಂಗ ಬರೆದಿದ್ದಾರೆ ಅಂದುಕೊಳ್ಳಿ. ಆ ಯಕ್ಷಗಾನದ ಆಟವನ್ನು ರೆಕಾರ್ಡ್ ಮಾಡಿ ಮಾರುವ ಕಂಪೆನಿ ಯಾರ ಯಾರ ಒಪ್ಪಿಗೆ ಪಡೆಯಬೇಕು? ಅರ್ಧ ಪುಟ ಬರೆದು ಭಾನುವಾರ ಓದಲು ಕೂರುವಾಗ ತನ್ನಿ.