ಗೊತ್ತಿಲ್ಲದಿದ್ದಾಗ ಕೇಳಬಾರದಿತ್ತೇ? ಫಿಕ್ಹ್ ಬೆಳೆದು ಬಂದ ದಾರಿ

ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ಬಡಿದು ಗಾಯವಾಗಿತ್ತು. ರಾತ್ರಿ ಅವರಿಗೆ ಧರ್ಮದ ವಿಧಿಯಂತೆ ಸ್ನಾನ ಕಡ್ಡಾಯವಾಯಿತು. ‘ತಯಮ್ಮುಮ್ (ನೀರಿನ ಬದಲು ಶುದ್ಧ ಮಣ್ಣಿನಿಂದ ಮಾಡುವ ಶುದ್ಧಿ) ಮಾಡಿದರೆ ಸಾಕಾ?’ ಎಂದು ಜೊತೆಗಿದ್ದವರನ್ನು ಕೇಳಿದರು. ‘ನೀರು ಇದೆಯಲ್ಲ, ನಿಮಗೆ ರಿಯಾಯಿತಿ ಇಲ್ಲ’ ಅಂದುಬಿಟ್ಟರು. ಗಾಯವಾಗಿದ್ದವರು ಸ್ನಾನ ಮಾಡಿದರು, ತೀರಿಕೊಂಡರು. ವಿಷಯ ತಿಳಿದ ಪ್ರವಾದಿ ಮುಹಮ್ಮದರು (ಸ) ಬಹಳ ಕಟುವಾಗಿ ಮಾತಾಡಿದರು. ಗೊತ್ತಿಲ್ಲದಿದ್ದಾಗ ಕೇಳಬಾರದಿತ್ತೇ, ಅಜ್ಞಾನಕ್ಕೆ ಮದ್ದು ಕೇಳುವುದೇ ಅಲ್ಲವೇ ಎಂದರು. ಅಬೂದಾವೂದರ ಸಂಗ್ರಹದಲ್ಲಿರುವ ಈ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಓದಿದಾಗಲೆಲ್ಲ ನನಗೆ ಎದೆ ಭಾರವಾಗುತ್ತದೆ. ಉತ್ತರ ಕೊಟ್ಟವರು ಕೆಟ್ಟವರಲ್ಲ. ಅವರಿಗೆ ತಿಳಿದದ್ದು ಅರ್ಧ ಮಾತ್ರ.

ಫಿಕ್ಹ್ ಅಂದರೆ ಆಳವಾಗಿ ಅರ್ಥ ಮಾಡಿಕೊಳ್ಳುವುದು; ಇಸ್ಲಾಮಿನ ವಿಧಿಗಳ ತಿಳಿವಳಿಕೆಗೆ ಈ ಹೆಸರು. 632ರಲ್ಲಿ ಪ್ರವಾದಿಯವರು ನಿಧನರಾದ ಮೇಲೆ ಜನ ಸಹಾಬಿಗಳನ್ನು (ಪ್ರವಾದಿಯವರ ಸಂಗಡಿಗರನ್ನು), ಆಮೇಲೆ ಅವರ ಶಿಷ್ಯರನ್ನು ಕೇಳಿದರು. ಇರಾಕಿನ ಕೂಫಾದಲ್ಲಿ ಬಟ್ಟೆ ವ್ಯಾಪಾರಿಯಾಗಿದ್ದ ಇಮಾಮ್ ಅಬೂ ಹನೀಫಾ (ನಿಧನ 767) ಒಂದೊಂದು ಮಸಲೆಯನ್ನೂ (ವಿಧಿಯ ಪ್ರಶ್ನೆಯನ್ನೂ) ಶಿಷ್ಯರ ಜೊತೆ ಚರ್ಚಿಸುತ್ತಿದ್ದರು. ಮದೀನಾದಲ್ಲಿ ಇಮಾಮ್ ಮಾಲಿಕ್ ಇದ್ದರು. ಅವರ ಶಿಷ್ಯ ಇಮಾಮ್ ಶಾಫಿಈ (ನಿಧನ 820) ಕುರ್‌ಆನ್, ಹದೀಸ್‌ಗಳಿಂದ ವಿಧಿ ತೆಗೆಯುವ ಕ್ರಮವನ್ನೇ ‘ರಿಸಾಲಾ’ ಎಂಬ ಕಿತಾಬಿನಲ್ಲಿ ಬರೆದಿಟ್ಟರು. ಅವರಿಂದ ಕಲಿತವರು ಬಗ್ದಾದಿನ ಇಮಾಮ್ ಅಹ್ಮದ್. ನಾಲ್ಕು ಮದ್‌ಹಬ್‌ಗಳು (ಈ ನಾಲ್ವರು ಇಮಾಮರ ಫಿಕ್ಹ್ ಪರಂಪರೆಗಳು) ನಾಲ್ಕು ಪಕ್ಷಗಳಲ್ಲ. ಒಬ್ಬರ ಮುಂದೆ ಒಬ್ಬರು ಕೂತು ಕಲಿತವರ ಸರಪಳಿ ಅದು.

ಹಾಗಾದರೆ ಭಿನ್ನಾಭಿಪ್ರಾಯ ಯಾಕೆ? ನಮಾಝಿಗೆ ಮೊದಲು ಅಂಗಗಳನ್ನು ತೊಳೆದುಕೊಳ್ಳುವ ವುಝೂವನ್ನೇ ನೋಡಿ. ‘ತಲೆ ಸವರಿರಿ’ ಎನ್ನುತ್ತದೆ ಕುರ್‌ಆನ್ (5:6). ಅರಬಿಯಲ್ಲಿ ‘ತಲೆ’ ಎಂಬ ಪದದ ಮುಂದೆ ‘ಬಿ’ ಎಂಬ ಪುಟ್ಟ ಅಕ್ಷರವಿದೆ. ಅದರ ಅರ್ಥ ‘ಸ್ವಲ್ಪ ಭಾಗ’ವೇ, ಪೂರ್ತಿಯೇ? ಕೆಲವೇ ಕೂದಲು ಸವರಿದರೂ ಸಾಕು ಎಂದರು ಶಾಫಿಈಗಳು. ತಲೆಯ ನಾಲ್ಕನೇ ಒಂದು ಭಾಗ ಎಂದರು ಅಬೂ ಹನೀಫಾರ ದಾರಿಯ ಹನಫಿಗಳು. ಇಡೀ ತಲೆ ಎಂದರು ಮಾಲಿಕಿಗಳು. ಸುಮ್ನೆ ಮಾಡಿದ ಜಗಳವಲ್ಲ ಇದು. ಒಂದು ಅಕ್ಷರದ ಮೇಲೆ ಅಷ್ಟು ಕಾಳಜಿ ಇತ್ತು, ಅಷ್ಟೇ.

ಜನಸಾಮಾನ್ಯರು ಇದೆಲ್ಲ ಕಲಿಯಬೇಕೇ? ಬೇಕಿಲ್ಲ. ಪ್ರತಿಯೊಬ್ಬರೂ ಕಲಿಯಲೇಬೇಕಾದದ್ದು ಬೇರೆ, ಸಮುದಾಯದಲ್ಲಿ ಕೆಲವರು ಕಲಿತರೆ ಸಾಕಾಗುವುದು ಬೇರೆ ಎಂದು ಇಮಾಮ್ ಗಝಾಲಿ (1058–1111) ಬಿಡಿಸಿ ಹೇಳಿದರು. ನಮಾಝ್ ಮಾಡುವವರಿಗೆ ನಮಾಝಿನ ವಿಧಿ ಗೊತ್ತಿರಬೇಕು, ದುಡ್ಡಿದ್ದವರಿಗೆ ಝಕಾತಿನದು (ಕಡ್ಡಾಯ ದಾನದ್ದು). ಧರ್ಮದ ತಿಳಿವಳಿಕೆ ಇಲ್ಲದವರು ನಮ್ಮ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡಬಾರದು ಎಂದು ಖಲೀಫಾ ಉಮರ್ ಹೇಳಿದ್ದೂ ಇದಕ್ಕೇ. ಆಮೇಲೆ ಜನಸಾಮಾನ್ಯರಿಗಾಗಿಯೇ ಚಿಕ್ಕ ಕಿತಾಬುಗಳು ಬಂದವು. ಉಸ್ತಾದರ (ಗುರುಗಳ) ಮುಂದೆ ಸಾಲು ಸಾಲಾಗಿ ಓದಿ ಮುಗಿಸಿದವರಿಗೆ ಅದನ್ನು ಕಲಿಸಲು ಇಜಾಝತ್ (ಅನುಮತಿ) ಸಿಗುತ್ತಿತ್ತು. ಯಾರಿಂದ ಕಲಿತೆ ಎಂಬುದಕ್ಕೆ ಉತ್ತರ ಇರುತ್ತಿತ್ತು.

ಈಗ ಮೊಬೈಲಿನಲ್ಲಿ ಒಂದು ಹದೀಸಿನ ಅನುವಾದ ಬರುತ್ತದೆ, ಜೊತೆಗೆ ‘ಹರಾಮ್’ (ನಿಷಿದ್ಧ) ಎಂಬ ತೀರ್ಪು. ಯಾವ ಮದ್‌ಹಬ್, ಯಾರ ಮಾತು, ಯಾವ ಸಂದರ್ಭ, ಒಂದೂ ಇರುವುದಿಲ್ಲ. ಸಿಗುವ ಉತ್ತರಗಳೇನೋ ಜಾಸ್ತಿ ಆಗಿವೆ. ಆದರೆ ಮೊಬೈಲಿನ ಆ ಸಾಲು ನಮ್ಮನ್ನು ತಿರುಗಿ ಏನೂ ಕೇಳುವುದಿಲ್ಲ. ಎದುರಿಗೆ ಕೂತ ಮುಫ್ತಿ (ಧರ್ಮವಿಧಿ ತಿಳಿಸುವ ವಿದ್ವಾಂಸ) ಮಾತ್ರ ಮೊದಲು ಕೇಳುವುದು ಹೀಗೆ: ಗಾಯ ಎಲ್ಲಾಗಿದೆ? ನೀರು ತಾಗಿದರೆ ತೊಂದರೆ ಆಗುತ್ತಾ?